ಅಮ್ಮಮ್ಮನ ಮನೆಯಿಂದ ಬಂದ ಮೇಲೆ: ಶಿರಸಿ ಕಡೆಯ ಒಂದು ಹೋಂ ಸ್ಕೂಲಿಂಗ್ ಪ್ರಕರಣ

ಶಿರಸಿ-ಕುಮಟಾ ರಸ್ತೆಯಿಂದ ಸ್ವಲ್ಪ ಒಳಗೆ ಇರುವ ಅಡಿಕೆ ತೋಟದ ಮನೆ. ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವರು. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದರು, ಇಲ್ಲೇ ಉಳಿದರು. ಗಂಡನದು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ, ಜೊತೆಗೆ ತೋಟ. ಹೆಂಡತಿ ಕೆಲಸ ಬಿಟ್ಟು ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಾರೆ. ಮಗನಿಗೆ ಎಂಟು ವರ್ಷ, ಮಗಳಿಗೆ ಐದು. ಅತ್ತೆ ಮಾವ ಜೊತೆಗಿದ್ದಾರೆ. ಪೇಟೆಯ ಶಾಲೆಗೆ ಹಾಕಿದರೆ ದಿನಕ್ಕೆ ಎರಡು ತಾಸು ವ್ಯಾನಿನಲ್ಲೇ ಹೋಗುತ್ತದೆ ಎಂಬುದು ಅವರು ಈ ದಾರಿ ಹಿಡಿಯಲು ಮೊದಲ ಕಾರಣ. ಶಾಲೆಯ ಮೇಲೆ ಅವರಿಗೆ ಸಿಟ್ಟೇನೂ ಇಲ್ಲ.

ನಾನು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ (ಚಿಕ್ಕ ತರಗತಿಯ ಮಕ್ಕಳಿಗೆ ಆಟ, ಚಟುವಟಿಕೆಯ ಮೂಲಕ ಕಲಿಸುವ ಕ್ರಮ) ನೋಡಿಕೊಂಡು ನಿವೃತ್ತಿಯಾದವಳು. ಹತ್ತಿರದ ಊರು, ಪರಿಚಯದ ಮನೆ. ಹಾಗಾಗಿ ಕರೆದರು. ಬರೆಯಲು ಅವರ ಒಪ್ಪಿಗೆ ಇದೆ. ಹೆಸರು ಬೇಡ ಎಂದಿದ್ದಾರೆ, ನನಗೂ ಅದೇ ಸರಿ ಅನಿಸಿತು. ದಸರಾ, ದೀಪಾವಳಿ ಮುಗಿಸಿ ಮಕ್ಕಳನ್ನು ಮತ್ತೆ ಪಾಠಕ್ಕೆ ಕೂರಿಸಲು ಹೆಣಗುತ್ತಿರುವ ಮನೆಗಳು ನಮ್ಮ ಕಡೆ ಬೇರೆಯೂ ಇವೆ. ಅವರಿಗೆ ಇದರಿಂದ ಏನಾದರೂ ಸಿಗಲಿ ಎಂದು ಬರೆಯುತ್ತಿದ್ದೇನೆ.

ಆದದ್ದು ಇಷ್ಟು

2025ರ ದಸರಾ ರಜೆ ಶುರುವಾದಾಗ ತಾಯಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದರು. ತವರು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ದಂಡೆಗೆ. ಹೋಂ ಸ್ಕೂಲಿಂಗ್ ಮಕ್ಕಳಿಗೆ ಶಾಲೆಯ ರಜೆಯ ಲೆಕ್ಕ ಯಾಕೆ ಅಂತ ಕೇಳಬಹುದು. ಕಾರಣ ಸರಳ. ಅಲ್ಲಿಯ ಸೋದರಮಾವನ ಮಕ್ಕಳು ಶಾಲೆಗೆ ಹೋಗುವವರು, ಅವರಿಗೆ ರಜೆ ಇದ್ದಾಗಲೇ ಎಲ್ಲರೂ ಸೇರುವುದು. ಆ ವರ್ಷ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಬೇಕೆಂದು ಸರ್ಕಾರಿ, ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಇವರೂ ಅಲ್ಲೇ ಉಳಿದರು. ದೀಪಾವಳಿಗೆ ಮಾತ್ರ ಮನೆಗೆ ಬರಲೇಬೇಕಲ್ವಾ? ಗೋಪೂಜೆ ಬಿಟ್ಟು ಹೊರಗಿರುವುದು ನಮ್ಮ ಕಡೆ ಆಗದ ಮಾತು. ಬಂದರು, ಹಬ್ಬ ಮಾಡಿದರು. ಅಂತೂ ಪುಸ್ತಕ ಮುಟ್ಟದೆ ಒಂದು ತಿಂಗಳ ಮೇಲಾಯಿತು.

ಹಬ್ಬ ಮುಗಿದದ್ದೇ ತಾಯಿ ಹಳೆಯ ವೇಳಾಪಟ್ಟಿಯನ್ನು ಹಾಗೇ ತಂದು ಗೋಡೆಗೆ ಅಂಟಿಸಿದರು. ಒಂಬತ್ತೂವರೆಗೆ ಗಣಿತ, ಆಮೇಲೆ ಕನ್ನಡ, ಇಂಗ್ಲಿಷ್, ಪರಿಸರ. ಕಳೆದುಹೋದ ದಿನ ತುಂಬಿಸಬೇಕೆಂದು ಮಧ್ಯಾಹ್ನವೂ ಒಂದು ಪಾಠ ಸೇರಿಸಿದರು. ಹುಡುಗ ಎಂಟೂವರೆವರೆಗೆ ಏಳಲಿಲ್ಲ. ಎದ್ದ ಮೇಲೆ ಅಂಗಳಕ್ಕೆ ಓಡಿದ. ಅಲ್ಲಿ ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವುದು) ಶುರುವಾಗಿತ್ತು, ಕೆಲಸದವರು, ಗದ್ದಲ, ಅಡಿಕೆ ರಾಶಿ. ಹಿಡಿದು ತಂದು ಕೂರಿಸಿದರೆ ಕಳೆಯುವ ಲೆಕ್ಕ ಒಂದೂ ಸರಿ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಪುಟಗಟ್ಟಲೆ ಸರಿ ಮಾಡಿದ್ದ ಲೆಕ್ಕ ಅದು. ಚಿಕ್ಕವಳು ಪೆನ್ಸಿಲ್ ಹಿಡಿಯಲೇ ಒಪ್ಪಲಿಲ್ಲ. ಪೆನ್ಸಿಲ್ ಕೊಟ್ಟರೆ ಅಳು, 'ಅಮ್ಮಮ್ಮನ ಮನೆಗೆ ಹೋಪನ' ಅನ್ನುವುದೊಂದೇ ಮಾತು. ಆ ವಾರ ಮುಗಿಯುವುದರೊಳಗೆ ತಾಯಿಗೂ ಕಣ್ಣೀರು ಬಂದಿತ್ತು.

'ಅಕ್ಕೋರೇ, ಇವ ಎಲ್ಲ ಮರೆತಿದ್ದಾನೆ. ಒಂದು ವರ್ಷ ಹಿಂದೆ ಹೋದ ಹಾಗೆ ಆಗಿದೆ. ಶಾಲೆಗೆ ಹಾಕಿಬಿಡ್ಲಾ?' ಎಂದು ಫೋನಿನಲ್ಲಿ ಕೇಳಿದರು.

ಮರೆತದ್ದು ಏನು, ಮರೆಯದೇ ಇದ್ದದ್ದು ಏನು

ನಮ್ಮ ಸರ್ಕಾರಿ ಶಾಲೆಗಳಲ್ಲಿ ಬೇಸಿಗೆ ರಜೆ ಮುಗಿದ ಮೇಲೆ ಸೇತುಬಂಧ ಅಂತ ಮಾಡುತ್ತೇವೆ. ಹೊಸ ಪಾಠಕ್ಕೆ ಕೈ ಹಾಕುವ ಮೊದಲು ನೈದಾನಿಕ ಪರೀಕ್ಷೆ. ಮಗು ಎಲ್ಲಿ ನಿಂತಿದೆ ಎಂದು ತಿಳಿಯಲು ಅದು, ಅಂಕ ಕೊಡಲು ಅಲ್ಲ. ಆಮೇಲೆ ಬೇಕಾದಷ್ಟು ಕಲಿಸಿ ಕೊನೆಗೆ ಸಾಫಲ್ಯ ಪರೀಕ್ಷೆ. ಮನೆಯಲ್ಲಿ ಕಲಿಸುವವರಿಗೆ ಈ ಕ್ರಮ ಗೊತ್ತಿರುವುದಿಲ್ಲ. ಆದರೆ ಅದು ಜಾಸ್ತಿ ಬೇಕಾದದ್ದು ಅವರಿಗೇ. ಅವರಲ್ಲಿ ರಜೆಗೆ ಶುರು, ಕೊನೆ ಎಂಬ ಗಡಿ ಸರಿಯಾಗಿ ಇರುವುದೇ ಇಲ್ಲ.

ಹುಡುಗನನ್ನು ಮೇಜಿನ ಮುಂದೆ ಕೂರಿಸಲಿಲ್ಲ. ಜಗಲಿ ಮೇಲೆ ಕೂತು ಅಜ್ಜಿಮನೆಯ ಸುದ್ದಿ ಕೇಳಿದೆ. ಅವನು ಶುರು ಮಾಡಿದ್ದು ನೀರಿನಿಂದ. ಮಾವನ ಮನೆಯ ಹತ್ತಿರ ಗಜನಿ ಗದ್ದೆಗಳಿವೆ, ಉಪ್ಪುನೀರು ತಡೆದು ಬೆಳೆಯುವ ಕಗ್ಗ ಭತ್ತದ ಗದ್ದೆ. ದಂಡೆಯ ಕಲ್ಲುಮೆಟ್ಟಿಲ ಮೇಲೆ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಇವನೂ ಮಾವನ ಮಗನೂ ಇದ್ದಲಿನಲ್ಲಿ ಗೆರೆ ಎಳೆಯುತ್ತಿದ್ದರಂತೆ. ಮಾವನ ಮೊಬೈಲಿನಲ್ಲಿ ಗಂಟೆ ನೋಡಿ ಗೆರೆಯ ಪಕ್ಕ ಬರೆಯುವುದು.

'ನಿನ್ನೆಗಿಂತ ತಡ ಆಗಿ ಬತ್ತು. ದಿನಾ ತಡ.'

'ಎಷ್ಟು ತಡ?'

'ಐವತ್ತು ನಿಮಿಷ ಹತ್ರ ಹತ್ರ. ಇವತ್ತು ಹತ್ತೂವರೆಗೆ ತುಂಬಿದ್ರೆ ನಾಳೆ ಹನ್ನೊಂದು ಇಪ್ಪತ್ತು.'

ಸರಿಯಾದ ಮಾತು. ಉಬ್ಬರ ದಿನಕ್ಕೆ ಎರಡು ಬಾರಿ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಅದು ಚಂದ್ರನ ಲೆಕ್ಕ. ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ನೀರು ಜಾಸ್ತಿ ಮೇಲೆ ಬರುತ್ತದೆ. ಅದನ್ನೂ ಅವನು ನೋಡಿದ್ದ. ಆ ಸಲ ಭೂಮಿ ಹುಣ್ಣಿಮೆ ಹೊತ್ತಿಗೆ ಗೆರೆ ಎರಡು ಮೆಟ್ಟಿಲು ಮೇಲೆ ಹೋಗಿತ್ತಂತೆ. 'ಇವತ್ತು ಹನ್ನೆರಡೂ ಹತ್ತಕ್ಕೆ ತುಂಬಿದ್ರೆ ನಿನ್ನೆ ಎಷ್ಟಕ್ಕೆ ತುಂಬಿತ್ತು?' ಎಂದು ಕೇಳಿದೆ. ಸ್ವಲ್ಪ ಹೊತ್ತು ಮೇಲೆ ನೋಡಿದ. 'ಹನ್ನೊಂದೂ ಇಪ್ಪತ್ತು' ಅಂದ.

ಇದನ್ನು ಇಷ್ಟು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ಹನ್ನೆರಡೂ ಹತ್ತರಿಂದ ಐವತ್ತು ನಿಮಿಷ ಕಳೆಯಬೇಕಾದರೆ ಒಂದು ಗಂಟೆ ಒಡೆದು ಅರವತ್ತು ನಿಮಿಷ ಮಾಡಿಕೊಳ್ಳಬೇಕು. ದಶಕ ತೆಗೆದುಕೊಂಡು ಕಳೆಯುವುದು ಅಂತ ನಾವು ಕಲಿಸುವುದು ಇದನ್ನೇ, ಅಲ್ಲಿ ಹತ್ತು, ಇಲ್ಲಿ ಅರವತ್ತು. ತಲೆಯಲ್ಲಿ ಇದನ್ನು ಮಾಡಿದ ಹುಡುಗನ ಮುಂದೆ ಪುಸ್ತಕ ಇಟ್ಟು 52ರಲ್ಲಿ 27 ಕಳೆ ಎಂದರೆ 35 ಎಂದು ಬರೆದ. ಬಿಡಿಯಲ್ಲಿ ಏಳರಿಂದ ಎರಡು ಕಳೆದ, ಹತ್ತರಲ್ಲಿ ಐದರಿಂದ ಎರಡು ಕಳೆದ. ಯಾವುದು ಮೇಲೆ, ಯಾವುದು ಕೆಳಗೆ ನೋಡದೆ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು. ಎರಡನೇ, ಮೂರನೇ ತರಗತಿಯಲ್ಲಿ ಪಾಠ ಮಾಡಿದ ಎಲ್ಲರೂ ಕಂಡ ತಪ್ಪು ಇದು.

ಆಗ ಸೆಪ್ಟೆಂಬರಿನ ನೋಟ್‌ಬುಕ್ ತರಿಸಿದೆ. ಎಲ್ಲ ಸರಿ, ಹೌದು. ಆದರೆ ಒಂದು ಪುಟದ ಎಲ್ಲ ಲೆಕ್ಕವೂ ಒಂದೇ ಜಾತಿ. ಪುಟದ ತಲೆಯಲ್ಲಿ ತಾಯಿ ಬಿಡಿಸಿ ತೋರಿಸಿದ ಮಾದರಿ, ಅದರ ಕೆಳಗೆ ಇಪ್ಪತ್ತು ಲೆಕ್ಕ. ಹುಡುಗ ಮಾದರಿ ನೋಡಿಕೊಂಡು ಮೇಲಿನ ಅಂಕಿ ಹೊಡೆದು ಒಂದು ಕಮ್ಮಿ ಬರೆಯುತ್ತಾ ಹೋಗಿದ್ದಾನೆ. ಯಾಕೆ ಹೊಡೆಯಬೇಕು ಎಂದು ಯೋಚಿಸುವ ಪ್ರಸಂಗವೇ ಬಂದಿಲ್ಲ. ಅಂದರೆ ರಜೆಯಲ್ಲಿ ಹೋದದ್ದು ಕೈಯ ರೂಢಿ. ಅದರ ಕೆಳಗೆ ತಿಳಿವಳಿಕೆ ಮೊದಲೇ ಇರಲಿಲ್ಲ. ತಿಳಿವಳಿಕೆ ಇದ್ದದ್ದು ಬೇರೆ ಕಡೆ, ನೀರಿನ ಗೆರೆಯ ಪಕ್ಕದಲ್ಲಿ. ನನ್ನ ಮಟ್ಟಿಗೆ ಈ ಪ್ರಕರಣದ ಗಂಟು ಇದೇ. ಗಟ್ಟಿಯಾಗದೇ ಉಳಿದದ್ದು ಯಾವುದು ಅಂತ ರಜೆ ತೋರಿಸಿಕೊಟ್ಟಿತು.

ಅಮೆರಿಕದಲ್ಲಿ ಹ್ಯಾರಿಸ್ ಕೂಪರ್ ಮತ್ತು ಜೊತೆಯವರು 1996ರಲ್ಲಿ ಬೇಸಿಗೆ ರಜೆಯ ಬಗ್ಗೆ ಆಗ ಇದ್ದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ್ದರು. ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳುತ್ತಾರೆ ಎಂದು ಕಂಡುಬಂತು. ಅದರಲ್ಲೂ ಜಾಸ್ತಿ ಹೋಗುವುದು ಕೂಡುವ ಕಳೆಯುವಂಥ ಲೆಕ್ಕದ ಕ್ರಮ ಮತ್ತು ಕಾಗುಣಿತ. ಅಲ್ಲಿಯ ರಜೆ ಇನ್ನೂ ಉದ್ದ, ಮಕ್ಕಳ ಬದುಕು ಬೇರೆ, ನಿಜ. ಆದರೂ ಬಾಯಿಪಾಠದ ಕ್ರಮ ಮೊದಲು ಉದುರುತ್ತದೆ ಎಂಬುದು ನಾನು ತರಗತಿಯಲ್ಲಿ ಕಂಡದ್ದಕ್ಕೆ ಸರಿಹೊಂದುತ್ತದೆ. 1885ರಷ್ಟು ಹಿಂದೆಯೇ ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ಇನ್ನೊಂದು ಮಾತು ಬರೆದಿದ್ದಾನೆ. ಮರೆತದ್ದನ್ನು ಮತ್ತೆ ಕಲಿಯಲು ಮೊದಲ ಸಲಕ್ಕಿಂತ ಕಮ್ಮಿ ಹೊತ್ತು ಸಾಕು. ತಾಯಿಗೆ ಜಾಸ್ತಿ ಸಮಾಧಾನ ಕೊಟ್ಟದ್ದು ಈ ಮಾತು.

ಮನೆಯ ಗಡಿಯಾರ

ಅತ್ತೆಯವರು ಒಂದು ಮಾತು ಮೊದಲಿಂದ ಹೇಳುತ್ತಿದ್ದರು. 'ಲೆಕ್ಕ ಆಮೇಲೆ. ಮೊದಲು ಹೊತ್ತಿಗೆ ಸರಿಯಾಗಿ ಮಲಗಲಿ.' ಸೊಸೆಗೆ ಅದು ಶಾಲೆಗೆ ಹಾಕದ್ದಕ್ಕೆ ಚುಚ್ಚಿದ ಹಾಗೆ ಕೇಳುತ್ತಿತ್ತು. ಆದರೆ ಅತ್ತೆ ಹೇಳಿದ್ದು ಅಕ್ಷರಶಃ ಸರಿ. ಮೂರರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ತಾಸು, ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ತಾಸು ನಿದ್ದೆ ಬೇಕು. ಅಜ್ಜಿಮನೆಯಲ್ಲಿ ರಾತ್ರಿ ಹತ್ತೂವರೆ, ಹನ್ನೊಂದರವರೆಗೆ ಮಕ್ಕಳ ಗಲಾಟೆ. ಇಲ್ಲಿ ಬಂದ ಮೇಲೂ ಅದೇ ಹೊತ್ತು. ಬೆಳಗ್ಗೆ ಬೇಗ ಎಬ್ಬಿಸಿದರೆ ನಿದ್ದೆ ಸಾಲದು, ಬಿಟ್ಟರೆ ದಿನ ಹೋಯಿತು. ಹಾಗಾಗಿ ಮೊದಲ ಕೆಲಸವೆಂದು ಮಲಗುವ ಹೊತ್ತನ್ನು ಸ್ವಲ್ಪ ಸ್ವಲ್ಪ ಹಿಂದೆ ತಂದೆವು, ಒಂದೇ ರಾತ್ರಿಯಲ್ಲಿ ಅಲ್ಲ. ಮೊಬೈಲು ಊಟಕ್ಕೆ ಮೊದಲೇ ಅಪ್ಪನ ಕೋಣೆಗೆ.

ಗೋಡೆಯ ವೇಳಾಪಟ್ಟಿ ತೆಗೆಸಿದೆ. ಆ ಜಾಗಕ್ಕೆ ಹವಾಮಾನ ನಕ್ಷೆ ಬಂತು. ನಲಿ-ಕಲಿ ಕೊಠಡಿಯಲ್ಲಿ ಇದು ಬೆಳಗಿನ ಮೊದಲ ಕೆಲಸ. ಇವತ್ತು ಬಿಸಿಲೋ, ಮೋಡವೋ, ಮಂಜೋ, ಮಗುವೇ ಹೊರಗೆ ಹೋಗಿ ನೋಡಿ ಬಂದು ಗುರುತು ಹಾಕುತ್ತದೆ. ಚಿಕ್ಕವಳಿಗೆ ಆ ಕೆಲಸ ಕೊಟ್ಟೆವು. ಕಷಾಯ ಕುಡಿದು, ಹೊರಗೆ ಹೋಗಿ ನೋಡಿ ಬಂದು ಸೂರ್ಯನ ಚಿತ್ರ ಬರೆದರೆ ಪಾಠ ಶುರುವಾಯಿತು ಎಂದರ್ಥ. ಗಂಟೆ ಹೊಡೆಯದ ಮನೆಯಲ್ಲಿ ಇಂಥದ್ದೊಂದು ಇರಲೇಬೇಕು. ದೋಸೆ ತಿಂದು ಎದ್ದ ಮೇಲೆ ಕೆಲಸದವರ ಹತ್ತು ಗಂಟೆಯ ಚಾ ತನಕ ಪಾಠ, ಅಷ್ಟೇ. ಆ ಹೊತ್ತಿಗೆ ಹೇಗೂ ತಾಯಿ ಒಳಗೆ ಚಾ ಮಾಡಲು ಏಳಬೇಕು. ಮಧ್ಯಾಹ್ನದ ಪಾಠ ಪೂರ್ತಿ ನಿಲ್ಲಿಸಿದೆವು.

ತಾಯಿಗೆ ಇದು ಒಪ್ಪಲು ಕಷ್ಟವಾಯಿತು. ಹಿಂದೆ ಬಿದ್ದಾಗ ಜಾಸ್ತಿ ಹೊತ್ತು ಕೂರಿಸಬೇಕಲ್ವಾ ಎಂಬುದು ಅವರ ವಾದ. ನಾನು ಒಪ್ಪಲಿಲ್ಲ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಆಟದ ಮೂಲಕವೇ ಕಲಿಸಬೇಕು ಎನ್ನುತ್ತದೆ. ಇವರ ಇಬ್ಬರೂ ಮಕ್ಕಳು ಆ ವಯಸ್ಸಿನವರೇ. ಇಬ್ಬರೇ ಮಕ್ಕಳು, ಎದುರಿಗೆ ಒಬ್ಬ ತಾಯಿ. ಮೂವತ್ತು ಮಕ್ಕಳ ಕೊಠಡಿಯ ಆರು ತಾಸಿನ ಲೆಕ್ಕ ಇಲ್ಲಿ ಯಾಕೆ?

ಹಿಡಿಕಡ್ಡಿ ಮತ್ತು ಅಡಿಕೆ ಸರ

ಕಳೆಯುವ ಲೆಕ್ಕಕ್ಕೆ ಹಿಡಿಕಡ್ಡಿ, ಅಂದರೆ ಪೊರಕೆಯ ಕಡ್ಡಿ, ತಂದೆವು. ಒಂದೇ ಉದ್ದಕ್ಕೆ ಮುರಿದು, ಹತ್ತು ಹತ್ತು ಎಣಿಸಿ ಬಾಳೆನಾರಿನಲ್ಲಿ ಕಟ್ಟು ಕಟ್ಟಿದ್ದು ಅವನೇ. ಐದು ಕಟ್ಟು, ಎರಡು ಬಿಡಿ, ಅದು 52. 'ನನಗೆ 27 ಕೊಡು' ಎಂದೆ. ಎರಡು ಕಟ್ಟು ಕೊಟ್ಟ. ಎರಡು ಬಿಡಿಯನ್ನೂ ಕೊಟ್ಟ. ಇನ್ನೂ ಐದು ಬೇಕು. ಕಟ್ಟು ಕೈಯಲ್ಲಿ ಹಿಡಿದು ಕೂತ. ಬಿಚ್ಚಬಹುದಾ ಎಂದು ನನ್ನ ಮುಖ ನೋಡಿದ. ನಾನು ಸುಮ್ನೆ ಇದ್ದೆ. ತಾಯಿ ಬಾಯಿ ತೆರೆಯುವುದರಲ್ಲಿದ್ದರು, ಕೈ ಸನ್ನೆ ಮಾಡಿ ತಡೆದೆ. ಕೊನೆಗೆ ನಾರು ಬಿಚ್ಚಿ ಐದು ಎಣಿಸಿ ಕೊಟ್ಟ, ಉಳಿದದ್ದು ಎಣಿಸಿದ. ಎರಡು ಕಟ್ಟು, ಐದು ಬಿಡಿ.

ಆ ದಿನ ಪುಸ್ತಕ ತೆರೆಯಲಿಲ್ಲ. ಮರುದಿನವೂ ಕಡ್ಡಿಯೇ. ಆಮೇಲೆ ಕಡ್ಡಿಯ ಪಕ್ಕದಲ್ಲಿ ಪಾಟಿ ಇಟ್ಟು, ಕಟ್ಟು ಬಿಚ್ಚಿದಾಗೆಲ್ಲ ಮೇಲಿನ ಅಂಕಿ ಹೊಡೆದು ಒಂದು ಕಮ್ಮಿ ಬರೆಯುವುದು. ಗಂಟೆ ಒಡೆದು ಅರವತ್ತು ನಿಮಿಷ ಮಾಡಿದ್ದು ನೆನಪಿದೆಯಾ, ಇದೂ ಅದೇ, ಎಂದು ಹೇಳಿದಾಗ ಅವನಿಗೆ ತಕ್ಷಣ ಹೊಳೆಯಲಿಲ್ಲ. ಸ್ವಲ್ಪ ದಿನ ಬಿಟ್ಟು ತಾನಾಗಿಯೇ ತಂಗಿಗೆ ಹೇಳುತ್ತಿದ್ದನಂತೆ. ಒಂದು ಷರತ್ತು ಮಾತ್ರ ತಾಯಿಗೆ ಹಾಕಿದೆ. ಒಂದು ಪುಟದಲ್ಲಿ ಒಂದೇ ಜಾತಿಯ ಲೆಕ್ಕ ಬರೆಯಬಾರದು. ಕಟ್ಟು ಬಿಚ್ಚಬೇಕಾದದ್ದು, ಬಿಚ್ಚಬೇಕಿಲ್ಲದ್ದು, ಕೂಡುವುದು, ಎಲ್ಲ ಕಲಸಿ ಕೊಡಬೇಕು. ಆಗ ಮಗು ಬರೆಯುವ ಮೊದಲು ನೋಡಲೇಬೇಕಾಗುತ್ತದೆ.

ಚಿಕ್ಕವಳ ವಿಷಯದಲ್ಲಿ ಅಕ್ಷರ ಮರೆತ ಪ್ರಶ್ನೆಯೇ ಇರಲಿಲ್ಲ. ಒಂದು ತಿಂಗಳು ಅಮ್ಮಮ್ಮನ ಮಗ್ಗುಲಲ್ಲಿ ಮಲಗಿದ ಮಗು. ಬಂದ ಮೇಲೆ ಆ ಬೇಸರವನ್ನು ಯಾರೂ ಕೇಳಿರಲಿಲ್ಲ, ಕೈಗೆ ಪೆನ್ಸಿಲ್ ಕೊಟ್ಟಿದ್ದರು. ಹಾಗಾಗಿ ಪೆನ್ಸಿಲ್ ಒಳಗಿಟ್ಟೆವು. ಗೋಪೂಜೆಗೆ ದನಗಳ ಕೊರಳಿಗೆ ಹಾಕಿದ ಅಡಿಕೆ ಸರ ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಿತ್ತು. ಅದರಲ್ಲಿ ಒಂದನ್ನು ಅವಳೇ ಅಜ್ಜಿಯ ಜೊತೆ ಕೂತು ಮಾಡಿದ್ದಳು. ಹಬ್ಬಕ್ಕೆ ಕಲಸಿದ ಶೇಡಿ (ಚಿತ್ರ ಬರೆಯುವ ಬಿಳಿ ಮಣ್ಣು) ಇನ್ನೂ ಗೆರಟೆಯಲ್ಲಿ ಉಳಿದಿತ್ತು. ಬೆರಳು ಅದ್ದಿ ಮೆಟ್ಟಿಲ ಮೇಲೆ 'ಸರ' ಎಂದು ಬರೆದು ತೋರಿಸಿದೆ. ಅವಳೂ ಬರೆದಳು, ಅವಳ ಕೈಯಗಲದ ಅಕ್ಷರ. ನಲಿ-ಕಲಿಯಲ್ಲಿ ನಾವು ಅ ಆ ಇ ಈ ಕ್ರಮದಲ್ಲಿ ಶುರು ಮಾಡುವುದಿಲ್ಲ. ರ, ಗ, ಸ, ದ, ಅ ಮೊದಲು. ಇಷ್ಟರಲ್ಲೇ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಐದು ಅಕ್ಷರಕ್ಕೆ ಇಷ್ಟು ಮಾತು ಸಿಕ್ಕಿದರೆ ಮಗುವಿಗೆ ಓದಿದ ಖುಷಿ ಬೇಗ ಬರುತ್ತದೆ. ಗರಗಸ ಅಜ್ಜನ ಕೊಟ್ಟಿಗೆಯಲ್ಲೇ ಇತ್ತು, ಅಜ್ಜ ತಂದು ತೋರಿಸಿದರು.

ಆಮೇಲೆ ಅಮ್ಮಮ್ಮನಿಗೆ ಕಾಗದ. ಐವತ್ತು ಪೈಸೆಯ ಪೋಸ್ಟ್‌ಕಾರ್ಡ್. ತಂಗಿ ಹೇಳಿದ್ದನ್ನು ಅಣ್ಣ ಬರೆದ, ಕೊನೆಗೆ ತಂಗಿ 'ಸರ' ಬರೆದು ದನದ ಚಿತ್ರ ಹಾಕಿದಳು. ಪೆನ್ಸಿಲಿನಲ್ಲೇ. ಯಾರೂ ಹಿಡಿ ಅನ್ನಲಿಲ್ಲ.

ಕೊಯ್ಲಿನ ಕಾಲದಲ್ಲಿ ಮಕ್ಕಳನ್ನು ಅಂಗಳದಿಂದ ದೂರ ಇಡಲು ಆಗುವುದಿಲ್ಲ. ರಾತ್ರಿ ಅಡಿಕೆ ಸುಲಿಯಲು ಎಲ್ಲರೂ ಕೂತಾಗ ಹುಡುಗ ಮಕ್ಕಳ ಪತ್ರಿಕೆಯಿಂದ ಒಂದು ಕಥೆ ಗಟ್ಟಿಯಾಗಿ ಓದುತ್ತಾನೆ. ಸುಲಿದದ್ದನ್ನು ಅಳೆಯುವಾಗ ಯಾರದ್ದು ಎಷ್ಟು ಎಂದು ಪಟ್ಟಿಯಲ್ಲಿ ಬರೆಯುತ್ತಾನೆ. ಇದರ ಬಗ್ಗೆ ಒಂದು ಮಾತು ಖಡಕ್ಕಾಗಿ ಹೇಳಬೇಕು. ಮಕ್ಕಳನ್ನು ಕೆಲಸಕ್ಕೆ ಹಚ್ಚಿ ಅದನ್ನೇ ಪಾಠ ಎಂದು ಕರೆಯುವುದು ತಪ್ಪು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಹತ್ತಿರ ಮಕ್ಕಳು ಕೂರಕೂಡದು. ಓದು ಮತ್ತು ಪಟ್ಟಿ, ಅರ್ಧ ತಾಸು, ಆಮೇಲೆ ನಿದ್ದೆ.

ಪರಿಸರ ಪಾಠಕ್ಕೆ ನದಿ ತೆಗೆದುಕೊಂಡೆವು. ಅಘನಾಶಿನಿಯ ಒಂದು ಮೂಲ ಶಿರಸಿ ಪೇಟೆಯ ಶಂಕರ ಹೊಂಡ. ಉಂಚಳ್ಳಿಯಲ್ಲಿ ಜಲಪಾತವಾಗಿ ಬೀಳುತ್ತದೆ, ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ, ಕೊನೆಗೆ ಸಮುದ್ರ. ಅವರ ತೋಟದ ಹಳ್ಳ ಹರಿಯುವುದೂ ಅದೇ ನದಿಗೆ. ತಮ್ಮ ಹಳ್ಳದ ನೀರು ಅಮ್ಮಮ್ಮನ ಮನೆ ಮುಂದೆ ಹೋಗುತ್ತದೆ ಎಂದು ತಿಳಿದ ದಿನ ಇಬ್ಬರೂ ಕುಣಿದಾಡಿದರು. ನದಿಯ ನಕ್ಷೆ ಈಗ ಗೋಡೆ ಮೇಲಿದೆ.

ಉಳಿದ ಭಯಗಳು

ಶಾಲೆಗೆ ಹಾಕಿಬಿಡ್ಲಾ ಎಂಬ ಪ್ರಶ್ನೆಗೆ ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಸುಸ್ತಾದ ವಾರದಲ್ಲಿ ತೀರ್ಮಾನ ಬೇಡ ಎಂದೆ. ಕಾನೂನಿನ ವಿಷಯ ಮಾತ್ರ ಸ್ಪಷ್ಟವಾಗಿ ಹೇಳಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ, ಸೇರಿಸದಿದ್ದರೆ ಇಂಥ ಶಿಕ್ಷೆ ಎಂದು ಹೇಳುವುದಿಲ್ಲ. ನಾಳೆ ಶಾಲೆಗೇ ಕಳಿಸಬೇಕೆನಿಸಿದರೆ 4ನೇ ಕಲಂ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಬೇಕಾದರೆ ವಿಶೇಷ ತರಬೇತಿ ಕೊಡಬೇಕು. ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್‌ನಲ್ಲಿ ಮೂರು, ಐದು, ಎಂಟನೇ ತರಗತಿಗೆ ಸಮನಾದ ಹಂತಗಳಿವೆ. ಬಾಗಿಲು ಮುಚ್ಚಿಲ್ಲ ಎಂದು ಗೊತ್ತಾದರೆ ಹೆದರಿ ಪಾಠ ಮಾಡುವುದು ನಿಲ್ಲುತ್ತದೆ.

ನನಗೆ ಲೆಕ್ಕಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. ಅಜ್ಜಿಮನೆಯಲ್ಲಿ ಹುಡುಗನಿಗೆ ಜೊತೆಗಾರರಿದ್ದರು. ನೀರಿನ ಗೆರೆ ಎಳೆದದ್ದು ಇಬ್ಬರು ಸೇರಿ. ನಮ್ಮ ತೋಟದ ಊರುಗಳಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ ಇಳಿದು ಹತ್ತಬೇಕು. ಬಂದ ಮೇಲೆ ಅವನ ಸಿಟ್ಟಿನಲ್ಲಿ ಅರ್ಧ ಈ ಒಂಟಿತನದ್ದು. ಇದನ್ನು ತಾಯಿ ತಂದೆ ಎಷ್ಟು ಪ್ರೀತಿಯಿಂದ ಕಲಿಸಿದರೂ ತುಂಬಿಸಲು ಆಗದು. ಹತ್ತಿರದ ಸರ್ಕಾರಿ ಶಾಲೆಯ ಮಾಸ್ತರರ ಹತ್ತಿರ ಮಾತಾಡಿದೆ. ಶಾಲೆ ಬಿಟ್ಟ ಮೇಲೆ ಬಯಲಿನಲ್ಲಿ ಆಡುವ ಮಕ್ಕಳ ಜೊತೆ ಇವನೂ ಆಡಲಿ ಎಂದರು. ಅಪ್ಪ ಬೈಕಿನಲ್ಲಿ ಬಿಟ್ಟು ಬರುತ್ತಾರೆ. ಮೊದಲು ದೂರ ನಿಂತು ನೋಡುತ್ತಿದ್ದ. ಈಗ ಹೊತ್ತಾದರೂ ಬರಲು ಒಪ್ಪುವುದಿಲ್ಲ. ಹೋಂ ಸ್ಕೂಲಿಂಗ್ ಮಾಡುವವರು ಪುಸ್ತಕ, ಆ್ಯಪ್ ಹುಡುಕುವ ಮೊದಲು ಇದನ್ನು ಹುಡುಕಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ದಶಕದ ಲೆಕ್ಕ ಈಗ ಗಟ್ಟಿಯಾಗಿದೆ. ಕಲಸಿ ಕೊಟ್ಟ ಪುಟದಲ್ಲೂ ತಪ್ಪು ಅಪರೂಪ. ಚಿಕ್ಕವಳು ಎರಡನೇ ಗುಂಪಿನ ಅಕ್ಷರಕ್ಕೆ ಬಂದಿದ್ದಾಳೆ. ಇಂಗ್ಲಿಷ್ ನಿಂತಲ್ಲೇ ನಿಂತಿದೆ. ಸಂಜೆ ಅಪ್ಪ ಕಲಿಸುವುದು ಎಂದಾಗಿತ್ತು, ಆದರೆ ಆಫೀಸಿನ ಕಾಲ್‌ಗಳು ಅದೇ ಹೊತ್ತಿಗೆ. ಆ ಹೊತ್ತನ್ನು ಬೆಳಗ್ಗೆ ತರಬೇಕೋ, ಇನ್ನೊಂದು ವರ್ಷ ಬಿಡಬೇಕೋ ಎಂದು ಅವರಿನ್ನೂ ತೀರ್ಮಾನಿಸಿಲ್ಲ. ನನ್ನ ಅಭಿಪ್ರಾಯ ಬೆಳಗ್ಗೆ ತರಬೇಕು ಎಂದು, ಅದೂ ಕಥೆ ಓದಿ ಹೇಳುವುದರಿಂದ ಶುರು ಮಾಡಿ.

2026 ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆಯ ವರ್ಷ. ಎರಡು ವರ್ಷಕ್ಕೊಮ್ಮೆ, ಒಂಬತ್ತು ದಿನ, ಮನೆ ತುಂಬ ನೆಂಟರು. ಆಗ ಪಾಠ ನಡೆಯುವುದಿಲ್ಲ ಎಂದು ಈಗಲೇ ಒಪ್ಪಿಕೊಂಡಿದ್ದಾರೆ. ಜಾತ್ರೆ ಮುಗಿದ ಮೇಲಿನ ಮೊದಲ ವಾರಕ್ಕೆ ತಾಯಿ ಒಂದು ಹಾಳೆಯಲ್ಲಿ ಬರೆದಿಟ್ಟದ್ದನ್ನು ನನಗೆ ತೋರಿಸಿದರು. ಮಲಗುವ ಹೊತ್ತು, ಹವಾಮಾನ ನಕ್ಷೆ, ಜಾತ್ರೆಯಲ್ಲಿ ಏನೇನು ನೋಡಿದಿರಿ ಎಂದು ಕೇಳುವುದು, ಜಾತ್ರೆ ಪೇಟೆಯ ಖರ್ಚಿನ ಲೆಕ್ಕ. ಹೊಸ ಪಾಠ ಅದರಲ್ಲಿಲ್ಲ. ಅತ್ತೆಯವರಿಗೂ ಓದಿ ಹೇಳಿದ್ದಾರಂತೆ.